ನೀಲಿ ಕಾರ್ಡಿನ ಹಿಂಭಾಗ

ಧ್ವನಿ ಭಂಡಾರದ ಕೆಲಸಕ್ಕೆ ಈಗ ಸೇರುವವರಿಗೆ ಕಂಪ್ಯೂಟರ್ ಕೊಡುತ್ತಾರಂತೆ. ನನಗೆ ಕೊಟ್ಟದ್ದು ಒಂದು ಕಬ್ಬಿಣದ ಕುರ್ಚಿ, ಐದು ಬಣ್ಣದ ಕಾರ್ಡುಗಳು ಮತ್ತು ಒಂದು ಎಚ್ಚರಿಕೆ. ಎಚ್ಚರಿಕೆ ಕೊಟ್ಟವರು ನನ್ನ ಮೊದಲ ಮೇಲಧಿಕಾರಿ ಶೇಷಾದ್ರಿಗಳು. "ಸಂಗೀತ ಕೇಳೋಕೆ ಅಂತ ಬಂದಿದ್ದರೆ ಈಗಲೇ ರಾಜೀನಾಮೆ ಬರೆದುಕೊಡಿ. ಇಲ್ಲಿ ನಾವು ಸಂಗೀತ ಕೇಳೋದಿಲ್ಲ, ಜೋಡಿಸ್ತೀವಿ" ಎಂದರು. ಅವರು ಆ ಮಾತಿಗೆ ಕೊನೆಯ ದಿನದವರೆಗೂ ಬದ್ಧರಾಗಿದ್ದರು. ಅವರು ಒಂದು ಹಾಡನ್ನು ಪೂರ್ತಿ ಕೇಳಿದ್ದನ್ನು ನಾನು ನೋಡಿಲ್ಲ.

ನಾನು ಕೆಲಸ ಮಾಡಿದ್ದು ಒಂದು ಬಾನುಲಿ ನಿಲಯದಲ್ಲಿ. ಅದರ ಹೆಸರು ಇಲ್ಲಿ ಬೇಡ. ಚನ್ನಪಟ್ಟಣದಿಂದ ದಿನವೂ ರೈಲಿನಲ್ಲಿ ಹೋಗಿ ಬರುತ್ತಿದ್ದೆ. ಎರಡು ಬಡ್ತಿ ಸಿಕ್ಕವು. ಎರಡೂ ಸಲ ಕುರ್ಚಿ ಅದೇ ಇತ್ತು. ನಾನು ನೋಡಿದ್ದನ್ನು, ಮಾಡಿದ್ದನ್ನು ಮಾತ್ರ ಬರೆಯುತ್ತೇನೆ. ನೆನಪು ಖಚಿತವಿಲ್ಲದ ಕಡೆ ಹಾಗೆಂದು ಹೇಳುತ್ತೇನೆ. ಕೆಲವು ತಿಂಗಳ ಹಿಂದಿನವರೆಗೆ ನನಗೆ ಈ ಎಚ್ಚರವಿರಲಿಲ್ಲ.

ಕೆಲಸ ಇಷ್ಟೇ. ಟೇಪು ಬರುತ್ತದೆ. ಅದು ಯಾವ ಜಾತಿಯ ಸಂಗೀತ ಎಂದು ನಿರ್ಧರಿಸಿ ಆ ಬಣ್ಣದ ಕಾರ್ಡು ಬರೆಯಬೇಕು. ಶಾಸ್ತ್ರೀಯಕ್ಕೆ ಬಿಳಿ, ಸುಗಮ ಸಂಗೀತಕ್ಕೆ ಹಳದಿ, ಜಾನಪದಕ್ಕೆ ಹಸಿರು, ಚಿತ್ರಗೀತೆಗೆ ಗುಲಾಬಿ, ಪಾಶ್ಚಾತ್ಯಕ್ಕೆ ನೀಲಿ. ಆರನೆಯ ಬಣ್ಣ ಇರಲಿಲ್ಲ. ಜಗತ್ತಿನ ಎಲ್ಲ ಸದ್ದೂ ಈ ಐದರಲ್ಲಿ ಒಂದಾಗಿರುತ್ತದೆ ಎಂದು ಯಾರೋ ನಮಗಿಂತ ಮೊದಲೇ ತೀರ್ಮಾನಿಸಿ ಕಾರ್ಡು ಅಚ್ಚು ಹಾಕಿಸಿಬಿಟ್ಟಿದ್ದರು.

ಒಮ್ಮೆ ರೈತರ ಕಾರ್ಯಕ್ರಮದವರು ಕಣ್ವ ಕೆರೆಯ ದಡದಲ್ಲಿ ಕಪ್ಪೆಗಳ ಕೂಗನ್ನು ಮುದ್ರಿಸಿಕೊಂಡು ಬಂದರು. ಯಾವ ಕಾರ್ಡು ಎಂದು ಕೇಳಲು ಶೇಷಾದ್ರಿಗಳ ಬಳಿಗೆ ಹೋದೆ.

"ತಾಳ ಇದೆಯಾ?"

"ಇಲ್ಲ ಸಾರ್."

"ಶ್ರುತಿ?"

"ಇದೆ ಅನ್ಸುತ್ತೆ ಸಾರ್."

"ಹಾಗಾದ್ರೆ ಸುಗಮ ಸಂಗೀತ."

ಹಳದಿ ಕಾರ್ಡು ಬರೆದೆ. ಒಂದು ದಿನ ಬೆಳಗಿನ ಪಾಳಿಯವರು ಅವಸರದಲ್ಲಿ ಟೇಪು ತೆಗೆದುಕೊಂಡು ಹೋಗಿ ಭಾವಗೀತೆಯ ಜಾಗದಲ್ಲಿ ಕಪ್ಪೆಗಳನ್ನು ಪ್ರಸಾರ ಮಾಡಿದರು. ದೂರು ಒಂದೂ ಬರಲಿಲ್ಲ. ಹೀಗೆ ಹೊಸ ದನಿಗಳಿಗೂ ಅವಕಾಶ ಕೊಡುತ್ತಿರಿ ಎಂದು ಒಬ್ಬ ಕೇಳುಗರಿಂದ ಮೆಚ್ಚುಗೆಯ ಕಾರ್ಡು ಬಂತು.

ಇದನ್ನು ನಾನು ಎಷ್ಟೋ ವರ್ಷ ಎಲ್ಲರಿಗೂ ಹೇಳಿ ನಗಿಸಿದ್ದೇನೆ. ಕಾರ್ಡಿನ ಬಣ್ಣ ತಪ್ಪಿದರೆ ಆಗುವುದು ಇಷ್ಟೇ ಎಂದುಕೊಂಡಿದ್ದೆ.

ಆಗ ಟೇಪಿಗೆ ಯಾವಾಗಲೂ ಕೊರತೆ. ಹೊಸದು ಬರುವವರೆಗೆ ಹಳೆಯದನ್ನು ಅಳಿಸಿ ಮತ್ತೆ ಬಳಸಬೇಕು. ಬಿಳಿ ಮತ್ತು ಹಸಿರು ಕಾರ್ಡಿನ ಟೇಪುಗಳನ್ನು ಮುಟ್ಟುವಂತಿರಲಿಲ್ಲ. ಮೊದಲು ಅಳಿಸುವುದು ನೀಲಿ. ಹೊರದೇಶದ ಸಂಗೀತ ಹೊರದೇಶದವರ ಹತ್ತಿರ ಇದ್ದೇ ಇರುತ್ತದೆ, ನಾವೇಕೆ ಕಾಯಬೇಕು ಎಂಬುದು ನಿಯಮದ ಹಿಂದಿನ ಬುದ್ಧಿವಂತಿಕೆ. ಅಳಿಸುವ ಯಂತ್ರ ಎಂದರೆ ಒಲೆಯಷ್ಟು ಅಗಲದ ಒಂದು ಅಯಸ್ಕಾಂತದ ಪೆಟ್ಟಿಗೆ. ಸ್ವಿಚ್ಚು ಹಾಕಿ, ಟೇಪಿನ ಚಕ್ರವನ್ನು ಮೇಲಿಟ್ಟು, ಕೈಯಿಂದ ನಿಧಾನವಾಗಿ ಎರಡು ಸುತ್ತು ತಿರುಗಿಸಿದರೆ ಮುಗಿಯಿತು. ಟೇಪು ನೋಡಲು ಮೊದಲಿನಂತೆಯೇ ಇರುತ್ತದೆ.

ಸೋಮಶೇಖರ ಬಂದದ್ದು ಆ ದಿನಗಳಲ್ಲಿ. ರಾಮನಗರದವನು, ಮನೆಯಲ್ಲಿ ರೇಷ್ಮೆ ನೂಲು ತೆಗೆಯುವ ಕಸುಬು. ಕೂದಲು ಭುಜದವರೆಗೆ, ಅಭಿಪ್ರಾಯಗಳು ಅದಕ್ಕಿಂತ ಉದ್ದ. ನಾಲ್ವರು ಗೆಳೆಯರನ್ನು ಕೂಡಿಸಿಕೊಂಡು ‘ಗೂಡು’ ಎಂಬ ತಂಡ ಕಟ್ಟಿದ್ದ. ಯುವಜನರ ಕಾರ್ಯಕ್ರಮಕ್ಕೆ ಅವರು ಮುದ್ರಿಸಿದ ಕೃತಿಯ ಹೆಸರು ‘ಚಿಟ್ಟೆಯಾಗುವ ಮುನ್ನ’. ರೇಷ್ಮೆಹುಳು ಸೊಪ್ಪು ಬಿಟ್ಟು ಸುಮ್ಮನೆ ಮಲಗಿ ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಅಂಥ ನಾಲ್ಕು ಜ್ವರಗಳಿಗೆ ನಾಲ್ಕು ಹಾಡು. ಒಂದೊಂದೂ ಹತ್ತು ನಿಮಿಷಕ್ಕಿಂತ ಹೆಚ್ಚು. ಕೇಳುವವರಿಗೂ ಜ್ವರ ಬರಲಿ ಎಂಬ ಉದ್ದೇಶವಿತ್ತೋ ಏನೋ, ಅದನ್ನು ನಾನು ಖಚಿತವಾಗಿ ಹೇಳಲಾರೆ.

ಮೂರನೆಯ ಜ್ವರಕ್ಕೆ ಸೋಮು ಮಾಗಡಿ ಕಡೆಯ ತಿಪ್ಪಸಂದ್ರದಿಂದ ಇಬ್ಬರು ಅಕ್ಕತಂಗಿಯರನ್ನು ಕರೆತಂದ. ದೊಡ್ಡತಾಯಮ್ಮ, ಚಿಕ್ಕತಾಯಮ್ಮ. ಅಪ್ಪನ ಜೊತೆ ರೇಷ್ಮೆ ಗೂಡು ಕೊಳ್ಳಲು ಹೋದಾಗ ಅವರ ಬೀಸುವ ಪದ ಕೇಳಿದ್ದನಂತೆ. ಹುಳು ಸೊಪ್ಪು ಮೇಯುವ ಸದ್ದೂ ರಾಗಿ ಬೀಸುವ ಸದ್ದೂ ಒಂದೇ ಎಂಬುದು ಅವನ ವಾದ. ಅವರು ಬರಿಗೈಯಲ್ಲಿ ಬರಲಿಲ್ಲ. ವ್ಯಾನಿನಲ್ಲಿ ರಾಗಿ ಕಲ್ಲನ್ನೂ ಒಂದು ಚೀಲ ರಾಗಿಯನ್ನೂ ತಂದಿದ್ದರು.

ಧ್ವನಿಮುದ್ರಣದ ಎಂಜಿನಿಯರು ಬಾಗಿಲಿಗೆ ಅಡ್ಡ ನಿಂತರು. "ಇದು ಸ್ಟುಡಿಯೋನಮ್ಮ, ಫ್ಲೋರ್ ಮಿಲ್ಲಲ್ಲ."

"ರಾಗಿ ಇಟ್ಟೇನೂ ನಿಮಗೆ ಕೊಡಾಕಿಲ್ಲ ಬುಡಿ" ಎಂದಳು ದೊಡ್ಡತಾಯಮ್ಮ.

ಕೊನೆಗೆ ಚಾಪೆ ಹಾಸಿ ಕಲ್ಲು ಇಟ್ಟರು. ಎಂಜಿನಿಯರು ಕಿವಿಗೆ ಹೆಡ್‌ಫೋನು ಹಾಕಿಕೊಂಡು ಮತ್ತೊಂದು ತಕರಾರು ತೆಗೆದರು. ಕಾಳು ಹಾಕುವಾಗ ಸರಸರ ಸದ್ದು ಬರುತ್ತದೆ, ಕಾಳು ಹಾಕದೆ ಬರಿದೇ ತಿರುಗಿಸಿ ಎಂದರು.

"ಬರೀ ಕಲ್ಲು ತಿರುಗ್ಸುದ್ರೆ ಕಲ್ಲಿಗೆ ಕಲ್ಲು ಉಜ್ತದೆ ಸ್ವಾಮಿ. ಆಮೇಲೆ ಇಟ್ಟಲ್ಲೆಲ್ಲ ಮರಳು" ಎಂದಳು ದೊಡ್ಡತಾಯಮ್ಮ. "ನಮ್ಮ ಪದಾನೂ ಅಂಗೇ. ಕಾಳಿಲ್ದೆ ಓಡಾಕಿಲ್ಲ."

ಅವಳೇ ಗೆದ್ದಳು. ಕಾಳು ಹಾಕಿಯೇ ಮುದ್ರಣವಾಯಿತು. ಇಬ್ಬರೂ ಗೂಟ ಹಿಡಿದಿದ್ದರು. ಕಾಳು ಹಾಕುತ್ತಿದ್ದವಳು ದೊಡ್ಡತಾಯಮ್ಮ. ಮೊದಲು ತಂಗಿ ಹಾಡಿದಳು, ಬಹಳ ಹೊತ್ತಿನ ಮೇಲೆ ಅಕ್ಕ ಎತ್ತಿಕೊಂಡಳು. ನಾನು ಗಾಜಿನ ಈಚೆ ನಿಂತಿದ್ದೆ. ಶೇಷಾದ್ರಿಗಳ ಎಚ್ಚರಿಕೆ ಮರೆತು ನಾನು ಪೂರ್ತಿ ಕೇಳಿದ ಮೊದಲ ಮುದ್ರಣ ಅದು.

ಹೊರಡುವಾಗ ದೊಡ್ಡತಾಯಮ್ಮ ನನ್ನನ್ನು ಕೇಳಿದಳು. "ಸ್ವಾಮಿ, ಈಗ ಇದು ಎಲ್ಲಿರ್ತದೆ?"

ನಾನು ಭಂಡಾರಕ್ಕೆ ಕರೆದೊಯ್ದು ಬೀರು ತೋರಿಸಿದೆ. "ಇಲ್ಲಿ ಇರುತ್ತಮ್ಮ. ಭದ್ರವಾಗಿರುತ್ತೆ. ಎಲ್ಲೂ ಹೋಗಲ್ಲ" ಎಂದೆ. ಅವಳು ಬೀರುವಿನ ಬಾಗಿಲನ್ನು ಒಮ್ಮೆ ಅಂಗೈಯಿಂದ ಒತ್ತಿ ನೋಡಿದಳು. ತಂಗಿ ಪಕ್ಕದಲ್ಲಿ ನಿಂತಿದ್ದಳು.

ಮರುದಿನದಿಂದ ಮೂರು ದಿನ ಆ ಟೇಪಿನ ಜಾತಿಯ ಬಗ್ಗೆ ಚರ್ಚೆ ನಡೆಯಿತು. ಜಾನಪದ ವಿಭಾಗದವರು, ಗಿಟಾರ್ ಮುಟ್ಟಿದ ಮೇಲೆ ಅದು ಮೈಲಿಗೆ ಎಂದರು. ಸುಗಮ ಸಂಗೀತದವರು, ಕವಿಯ ಹೆಸರಿಲ್ಲದ ಹಾಡನ್ನು ನಾವು ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂದರು. ಪಾಶ್ಚಾತ್ಯ ವಿಭಾಗಕ್ಕೆ ಆಗ ಅಧಿಕಾರಿಯೇ ಇರಲಿಲ್ಲ, ಆದ್ದರಿಂದ ಅಲ್ಲಿಂದ ಆಕ್ಷೇಪವೂ ಬರಲಿಲ್ಲ. ಯುವಜನರ ಕಾರ್ಯಕ್ರಮದವನೊಬ್ಬ, "ಸಾರ್, ಇದಕ್ಕೆ ಪ್ರೋಗ್ರೆಸಿವ್ ರಾಕ್ ಅಂತಾರೆ. ಉದ್ದನೆ ಹಾಡು, ಸೊಟ್ಟ ತಾಳ, ಎಲ್ಲಾ ಹಾಡಿಗೂ ಒಂದೇ ಕಥೆ" ಎಂದ. ಶೇಷಾದ್ರಿಗಳು ನನ್ನತ್ತ ನೋಡಿದರು. "ಇಂಗ್ಲಿಷ್ ಹೆಸರು ಇದೆಯಲ್ಲ, ಬರೆದು ಬಿಸಾಕಿ."

ನಾನು ಬಿಸಾಕಲಿಲ್ಲ. ನೀಲಿ ಕಾರ್ಡು ತೆಗೆದು, ಶಾಯಿ ಪೆನ್ನಿನಿಂದ, ಅಕ್ಷರ ಅಕ್ಷರ ಬಿಡಿಸಿ ಬರೆದೆ. ಪಾಶ್ಚಾತ್ಯ. ಪ್ರೋಗ್ರೆಸಿವ್ ರಾಕ್. ಕಲಾವಿದರು: ಸೋಮಶೇಖರ ಮತ್ತು ಸಂಗಡಿಗರು. ಬರವಣಿಗೆ ಚೆನ್ನಾಗಿ ಬಂತೆಂದು ಸ್ವಲ್ಪ ಹೆಮ್ಮೆಯೂ ಪಟ್ಟೆ. ಸಂಗಡಿಗರು ಎಂಬ ಪದ ನಮ್ಮ ವೃತ್ತಿಯ ದೊಡ್ಡ ಅನುಕೂಲ. ಅದರೊಳಗೆ ಎಷ್ಟು ಜನರನ್ನು ಬೇಕಾದರೂ ತುಂಬಿ ಮುಚ್ಚಳ ಹಾಕಬಹುದು.

ಕೆಲವು ವರ್ಷಗಳ ನಂತರ ಅಳಿಸುವ ಟೇಪುಗಳ ಪಟ್ಟಿ ಬಂತು. ಎಲ್ಲ ನೀಲಿ. ನಾನು ಸಹಿ ಹಾಕಬೇಕಾಗಿತ್ತು, ಹಾಕಿದೆ. ಓದಿ ಹಾಕಿದೆನೋ ಓದದೆ ಹಾಕಿದೆನೋ ಎಂದು ಬಹಳ ಯೋಚಿಸಿದ್ದೇನೆ. ಓದಿಯೇ ಹಾಕಿದೆ. ‘ಚಿಟ್ಟೆಯಾಗುವ ಮುನ್ನ’ ಎಂಬ ಹೆಸರೂ ಕಣ್ಣಿಗೆ ಬಿತ್ತು. ನಿಯಮದಲ್ಲಿ ತಪ್ಪೇನೂ ಕಾಣಲಿಲ್ಲ. ಯಂತ್ರದ ಮೇಲೆ ಚಕ್ರವನ್ನು ತಿರುಗಿಸಿದವನೂ ನಾನೇ, ಅಟೆಂಡರ್ ಆ ದಿನ ರಜೆಯಲ್ಲಿದ್ದ. ಆ ಟೇಪಿನ ಮೇಲೆ ಮುಂದೆ ಮುದ್ರಣವಾದದ್ದು ಮನೆಯ ಕಸದಿಂದ ಗೊಬ್ಬರ ಮಾಡುವುದು ಹೇಗೆ ಎಂಬ ಉಪಯುಕ್ತ ಭಾಷಣ. ಅಳಿಸಿದ ಟೇಪಿನ ಕಾರ್ಡನ್ನು ಹರಿದು ಹಾಕಬೇಕು. ನಾನು ಹಿಂಭಾಗಕ್ಕೆ ಮೊಹರು ಒತ್ತಿ, ಸಹಿ ಮಾಡಿ, ಹರಿಯದೆ ಮನೆಗೆ ತಂದೆ. ಬರವಣಿಗೆ ಚೆನ್ನಾಗಿತ್ತು, ಅದಕ್ಕೆ. ಬೇರೆ ಕಾರಣ ಇತ್ತೆಂದು ಈಗ ಹೇಳಿದರೆ ಸುಳ್ಳಾಗುತ್ತದೆ.

ಆಮೇಲೆ ಕಂಪ್ಯೂಟರು ಬಂತು. ಶೇಷಾದ್ರಿಗಳು ಅದಕ್ಕೆ ಮೊದಲೇ ನಿವೃತ್ತರಾಗಿದ್ದರಿಂದ ಕಂಪ್ಯೂಟರು ಬದುಕಿಕೊಂಡಿತು. ಐದು ಬಣ್ಣಗಳ ಜಾಗದಲ್ಲಿ ಒತ್ತಿದರೆ ಇಳಿಬೀಳುವ ಉದ್ದನೆಯ ಪಟ್ಟಿ. ಪಟ್ಟಿಯ ಕೊನೆಯಲ್ಲಿ ‘ಇತರೆ’ ಎಂದು ಇತ್ತು. ಹೊಸಬರು ಎಲ್ಲವನ್ನೂ ಅದರೊಳಗೇ ಹಾಕುತ್ತಿದ್ದರು. ಯೋಚಿಸಬೇಕಾಗಿಲ್ಲದ ವಿಧಾನವನ್ನು ಪ್ರಗತಿ ಎನ್ನಬಹುದಾದರೆ ಅದು ನಿಜವಾದ ಪ್ರಗತಿ.

ನಿವೃತ್ತನಾಗಿ ಚನ್ನಪಟ್ಟಣದಲ್ಲಿ ಕೂತಿದ್ದಾಗ ಪ್ರಮೋದ ಎಂಬಾತ ಫೋನು ಮಾಡಿದ. ಬಿಡದಿಯ ಕಾರ್ಖಾನೆಯಲ್ಲಿ ಕೆಲಸ. ಮಾಗಡಿಯ ಗುಜರಿ ಅಂಗಡಿಯಲ್ಲಿ ಅವನಿಗೆ ‘ಚಿಟ್ಟೆಯಾಗುವ ಮುನ್ನ’ದ ಕ್ಯಾಸೆಟ್ಟು ಸಿಕ್ಕಿದೆ. ನಮ್ಮ ಟೇಪಿನ ನಕಲಿನಿಂದ ಸೋಮು ಒಂದಿಷ್ಟು ಕ್ಯಾಸೆಟ್ಟು ಮಾಡಿಸಿದ್ದು ನನಗೂ ನೆನಪಿತ್ತು. ಪ್ರಮೋದ ಅದನ್ನು ಕಂಪ್ಯೂಟರಿಗೆ ಏರಿಸಿ, ಸ್ವಚ್ಛಮಾಡಿ, ಗೆಳೆಯರಿಗೆಲ್ಲ ಕಳುಹಿಸಿದ್ದ. ಈಗ ಅದೊಂದು ಶ್ರೇಷ್ಠ ಕೃತಿಯಾಗಿತ್ತು. ಅದಕ್ಕೊಂದು ವಾಟ್ಸಾಪ್ ಗುಂಪು, ಆ ಗುಂಪಿನೊಳಗೆ ಎರಡು ಬಣ. ಇದು ನಿಜವಾಗಿ ಪ್ರೋಗ್ರೆಸಿವ್ ರಾಕ್ ಹೌದೆಂದು ಪ್ರಮೋದ, ಅಲ್ಲವೆಂದು ಕನಕಪುರದ ಕಾಲೇಜಿನಲ್ಲಿ ವಾಣಿಜ್ಯ ಕಲಿಸುವ ರವೀಶ. ಇಬ್ಬರೂ ಬಾಲ್ಯದ ಗೆಳೆಯರು, ಮಾತು ಬಿಡುವ ಹಂತಕ್ಕೆ ಬಂದಿದ್ದರು. ಭಾನುವಾರ ಸಭೆ, ನಾನು ಸಾಕ್ಷಿ. ನನ್ನ ಹಳೆಯ ಟೇಪ್ ರೆಕಾರ್ಡರನ್ನೂ ತರಬೇಕು, ಕೇಳುವುದಕ್ಕಲ್ಲ, ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ. ಸೋಮು ಬರುತ್ತಾನೆಯೇ ಎಂದು ಕೇಳಿದೆ.

"ಕೇಳ್ದೆ ಸಾರ್. ಮಾಗಡೀಲಿ ಇನ್ಶೂರೆನ್ಸ್ ಮಾಡ್ಕೊಂಡವ್ರೆ. ಅದು ಯಾವ ರಾಕೋ ನಂಗೂ ಗೊತ್ತಿಲ್ಲ, ಆಗ ಒಂದು ಪ್ರೋಗ್ರಾಮ್ ಸಿಕ್ಕುದ್ರೆ ಸಾಕಾಗಿತ್ತು ಅಂದ್ಬುಟ್ರು."

ಆ ಇಡೀ ಚರ್ಚೆಯಲ್ಲಿ ನನಗೆ ಕೇಳಿಬಂದ ಅತ್ಯಂತ ಪ್ರಾಮಾಣಿಕ ಅಭಿಪ್ರಾಯ ಅದೇ.

ಕೆಂಗಲ್ ದೇವಸ್ಥಾನದ ಹತ್ತಿರದ ಹೋಟೆಲಿನ ಮಹಡಿಯಲ್ಲಿ ಹತ್ತು ಹನ್ನೆರಡು ಜನ ಸೇರಿದ್ದರು. ಕಿಟಕಿಯ ಬಳಿ ವಯಸ್ಸಾದ ಹೆಂಗಸೊಬ್ಬಳು ಕಾಫಿ ಲೋಟ ಹಿಡಿದು ಕೂತಿದ್ದಳು. ಸೋಮುವಿನಿಂದ ವಿಳಾಸ ಪಡೆದು ಪ್ರಮೋದ ಅವಳನ್ನೂ ಕರೆಸಿದ್ದ. ಒಬ್ಬಳೇ ಬಸ್ಸು ಬದಲಾಯಿಸಿಕೊಂಡು ಬಂದಿದ್ದಳು. ಚಿಕ್ಕತಾಯಮ್ಮ. ನನ್ನ ಗುರುತು ಅವಳಿಗೇ ಮೊದಲು ಹತ್ತಿತು.

"ಬೀರು ತೋರ್ಸಿದ ಸ್ವಾಮಿಗಳಲ್ವಾ ನೀವು? ನಮ್ಮಕ್ಕ ಓಗಿ ಆರು ವರ್ಸಾತು. ಒಂದು ಫೋಟಾನೂ ಸರ್ಯಾಗಿಲ್ಲ. ಅವಳ ಪದ ನಿಮ್ಮ ಬೀರಲ್ಲಿ ಐತಲ್ಲ, ಒಂದ್ಸಲ ಕೇಳುಸ್ತೀರೇನೋ ಅಂತ ಬಂದೆ."

ನಾನು ಏನೋ ಗೊಣಗಿದೆ. ಏನೆಂದು ನೆನಪಿಲ್ಲ. ಅಷ್ಟರಲ್ಲಿ ಚರ್ಚೆ ಶುರುವಾಯಿತು.

"ಲೇ ರವೀಶ, ಮೂರನೇ ಜ್ವರ ಏಳು ಎಣಿಕೆ ಕಣ್ಲಾ. ನಾಲ್ಕಲ್ಲ, ಮೂರಲ್ಲ, ಏಳು. ಇನ್ನೇನ್ಲಾ ಬೇಕು ನಿಂಗೆ?" ಎಂದ ಪ್ರಮೋದ.

"ಏಳು ಎಣಿಕೆ ಇದ್ದದ್ದೆಲ್ಲ ಪ್ರೋಗ್ರೆಸಿವ್ ಆದ್ರೆ ನಮ್ಮ ಮನೆ ಪಕ್ಕದ ಸಂಗೀತದ ಮೇಷ್ಟ್ರೂ ಪ್ರೋಗ್ರೆಸಿವ್ ರಾಕೇ. ಇಂಗ್ಲೆಂಡಲ್ಲಿ ಅದು ಮುಗಿದು ಎಷ್ಟೋ ವರ್ಷಕ್ಕೆ ಇವರು ಶುರು ಮಾಡವ್ರೆ. ಊಟ ಮುಗಿದ ಮೇಲೆ ಎಲೆ ಹಾಕಿದಂಗೆ" ಎಂದ ರವೀಶ.

"ಮೊದಲ್ನೇ ಹಾಡೇ ಹನ್ನೊಂದು ನಿಮಿಷ ಐತೆ."

"ನಮ್ಮ ಪ್ರಿನ್ಸಿಪಾಲ್ರು ಅದಕ್ಕಿಂತ ಉದ್ದ ಮಾತಾಡ್ತಾರೆ."

ಹೀಗೆ ಒಂದು ಗಂಟೆ ನಡೆಯಿತು. ಈ ಇಬ್ಬರೂ ಆಗಿನ ನಮ್ಮ ಅಧಿಕಾರಿಗಳಿಗಿಂತ ಚೆನ್ನಾಗಿ ವಾದಿಸಿದರು, ಅದನ್ನು ಒಪ್ಪಬೇಕು. ಕೊನೆಗೆ ಪ್ರಮೋದ ನನ್ನತ್ತ ತಿರುಗಿದ. ಆಗಿನ ದಾಖಲೆ ಏನಾದರೂ ಇದೆಯೇ ಎಂದು ಕೇಳಿದ. ನಾನು ಜೇಬಿನಿಂದ ನೀಲಿ ಕಾರ್ಡು ತೆಗೆದೆ.

ಪ್ರಮೋದ ಅದನ್ನು ಎರಡು ಸಲ ಓದಿದ. ನಂತರ ರವೀಶನ ಮೂಗಿನ ಮುಂದೆ ಹಿಡಿದ. "ನೋಡ್ಕೊಳ್ಳಪ್ಪ, ಅಫಿಶಿಯಲ್ಲು. ಪ್ರೋಗ್ರೆಸಿವ್ ರಾಕ್." ಎಲ್ಲರೂ ಫೋಟೋ ತೆಗೆದರು. ನಾನು ಕಾರ್ಡನ್ನು ಮೇಜಿನ ಮೇಲೆ ಬರವಣಿಗೆ ಮೇಲೆ ಬರುವಂತೆ ಇಟ್ಟು, ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದೆ.

"ಹಿಂದ್ಗಡೆ ಏನೋ ಮೊಹರು ಐತಲ್ಲ ಸ್ವಾಮಿ" ಎಂದಳು ಚಿಕ್ಕತಾಯಮ್ಮ. ಒತ್ತಿದ ಮೊಹರಿನ ಅಚ್ಚು ಈಚೆಗೂ ಮೂಡಿತ್ತು.

ನಾನೇ ತಿರುಗಿಸಿದೆ. ಅವಳಿಗೆ ಓದಲು ಬಾರದು. ಗಟ್ಟಿಯಾಗಿ ನಾನೇ ಓದಿದೆ. "ಅಳಿಸಲಾಗಿದೆ. ಟೇಪು ಮರುಬಳಕೆಗೆ." ಕೆಳಗೆ ಇರುವುದು ನನ್ನ ಸಹಿ ಎಂದೂ ಹೇಳಿದೆ.

"ಅಳಿಸ್ಬುಟ್ರಾ?"

"ಹೌದಮ್ಮ."

"ಯಾಕೆ?"

"ಈಚೆ ಕಡೆ ಪಾಶ್ಚಾತ್ಯ ಅಂತ ಬರೆದಿದ್ದೆ. ಹಾಗೆ ಬರೆದದ್ದನ್ನ ಅಳಿಸ್ತಾರೆ."

"ಅಂಗಂದ್ರೇನು?"

"ಹೊರದೇಶದ್ದು ಅಂತ."

"ನಾವು ತಿಪ್ಪಸಂದ್ರದೋರು ಕಣಪ್ಪ" ಎಂದಳು. "ದಿನಾ ಬಸ್ಸು ಐತೆ."

ನಾನು ಕ್ಷಮಿಸಿ ಎಂದೆ. ಅವಳು ಅದನ್ನು ತೆಗೆದುಕೊಳ್ಳಲೂ ಇಲ್ಲ, ಬೇಡವೆನ್ನಲೂ ಇಲ್ಲ. ಲೋಟ ಕೆಳಗಿಟ್ಟು ಪ್ರಮೋದನಿಗೆ, "ನಿನ್ನತ್ರ ಏನೋ ಐತಂತಲ್ಲ, ಅದನ್ನಾದ್ರೂ ಆಕಪ್ಪ" ಎಂದಳು.

ಪ್ರಮೋದ ತಗ್ಗಿದ ದನಿಯಲ್ಲಿ ಹೇಳಿದ. ಕ್ಯಾಸೆಟ್ಟಿನ ಒಂದು ಬದಿಗೆ ಮೂರನೆಯ ಜ್ವರ ಪೂರ್ತಿ ಹಿಡಿದಿರಲಿಲ್ಲ. ಅಕ್ಕ ಹಾಡಲು ಶುರು ಮಾಡುವ ಮೊದಲೇ ಟೇಪು ಮುಗಿಯುತ್ತದೆ. "ನೀವು ಹಾಡಿರೋದು ಐತೆ ಅಜ್ಜಿ. ಅವರ ದನಿ ಬರೋ ಹೊತ್ಗೆ ಕಟ್ಟಾಗ್ತದೆ."

"ಆಕು."

ಫೋನನ್ನು ಸ್ಪೀಕರಿಗೆ ಜೋಡಿಸಿ ಹಾಕಿದ. ಗಿಟಾರು, ಡ್ರಮ್ಮು, ಕಲ್ಲಿನ ಗುಡುಗುಡು, ಅದರ ಮೇಲೆ ಅವಳ ಹರೆಯದ ದನಿ. ಬಹಳ ಶುದ್ಧವಾಗಿ ಕೇಳಿಸುತ್ತಿತ್ತು. ಅವಳು ಒಂದು ನಿಮಿಷ ಕೇಳಿ ತಲೆಯಾಡಿಸಿದಳು.

"ಕಾಳೆಲ್ಲಿ?"

"ಏನಜ್ಜಿ?"

"ಕಾಳಾಕೋದು. ಆರು ಎಣಿಕೆ ಕಲ್ಲು ತಿರುಗ್ತದೆ, ಏಳ್ನೇದಕ್ಕೆ ಕಾಳು ಬೀಳ್ತದೆ. ನಮ್ಮಕ್ಕ ಕಾಳಾಕ್ಲಿ ಅಂತ ಪದಾನ ಅಲ್ಲಿ ಒಸಿ ತಡೆಯೋದು. ಬರೀ ತಡೆ ಐತೆ ಇದ್ರಲ್ಲಿ. ಕಾಳಿಲ್ಲ."

ಏಳು ಎಣಿಕೆಯ ಬಗ್ಗೆ ಒಂದು ಗಂಟೆ ವಾದಿಸಿದ್ದ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪ್ರಮೋದ ಫೋನು ನಿಲ್ಲಿಸಿದ. ಕಾರ್ಡು ತಿರುಗಿಸುವಾಗ ನನ್ನ ಮುಖವೂ ಅವನ ಮುಖದಂತೆಯೇ ಇದ್ದಿರಬೇಕು.

"ಅಲ್ಲಲ್ಲಿ ಸರಸರ ಅಂತಿತ್ತು ಅಜ್ಜಿ. ಹಳೇ ಟೇಪಿನ ಗಲಾಟೆ ಅಂದ್ಕೊಂಡೆ. ಸಾಫ್ಟ್‌ವೇರ್ ಹಾಕಿ ಪೂರ್ತಿ ತೆಗೆದ್ಬುಟ್ಟೆ."

"ಅಸಲು ಕ್ಯಾಸೆಟ್ಟು?" ಎಂದೆ.

ಅವನು ಚೀಲದಿಂದ ತೆಗೆದ. ಫೋಟೋಗೆಂದು ತಂದ ನನ್ನ ಟೇಪ್ ರೆಕಾರ್ಡರು ಮೇಜಿನ ಮೇಲೆಯೇ ಇತ್ತು. ಒಳಗಿನ ಧೂಳನ್ನು ಪಂಚೆಯ ಅಂಚಿನಿಂದ ಒರೆಸಿದೆ. ಗುಂಡಿ ಒತ್ತುವ ಮೊದಲು ಅದು ‘ಪ್ಲೇ’ ಗುಂಡಿಯೇ, ಪಕ್ಕದ ಕೆಂಪು ಗುಂಡಿಯಲ್ಲವಲ್ಲ ಎಂದು ಎರಡು ಸಲ ನೋಡಿಕೊಂಡೆ.

ಸದ್ದು ಮಂಕಾಗಿತ್ತು. ಗಿಟಾರು ನೀರಿನೊಳಗಿಂದ ಬಂದಂತಿತ್ತು. ಆದರೆ ಆರು ಎಣಿಕೆಯ ನಂತರ ಒಂದು ಹಿಡಿ ರಾಗಿ ಕಲ್ಲಿನ ಬಾಯಿಗೆ ಸರ್ರೆಂದು ಬಿತ್ತು. ಮತ್ತೆ ಆರು ಎಣಿಕೆ, ಮತ್ತೆ ರಾಗಿ. ಚಿಕ್ಕತಾಯಮ್ಮನ ಬಲಗೈ ಮಡಿಲಲ್ಲಿ ಸುತ್ತು ತಿರುಗತೊಡಗಿತು. ಏಳನೆಯದಕ್ಕೆ ಪ್ರತಿ ಸಲವೂ ನಿಲ್ಲುತ್ತಿತ್ತು, ಇನ್ನೊಬ್ಬರ ಕೈಗೆ ಜಾಗ ಬಿಟ್ಟಂತೆ.

"ಕೈ ದೊಡ್ಡದು ಅವಳ್ದು" ಎಂದಳು. "ಜಾಸ್ತಿ ಆಕ್ತಿದ್ಲು. ಎಷ್ಟು ಬೈದಿದ್ದೀನಿ."

ಬದಿ ಮುಗಿಯುವವರೆಗೆ ಯಾರೂ ಎಣಿಸಲಿಲ್ಲ. ಅಕ್ಕನ ದನಿ ಬರುವ ಮೊದಲೇ ಟೇಪು ನಿಂತಿತು. "ಇನ್ನೊಂದ್ಸಲ ಆಕಿ" ಎಂದಳು. ಹಾಕಿದೆವು. ಮೂರನೆಯ ಸಲ ಕೇಳಿದ ಮೇಲೆ, ಬಸ್ಸಿಗೆ ಹೊತ್ತಾಯಿತೆಂದು ಎದ್ದಳು. ಪ್ರಮೋದ ಅಸಲು ಕ್ಯಾಸೆಟ್ಟನ್ನೂ ನಾನು ಟೇಪ್ ರೆಕಾರ್ಡರನ್ನೂ ಅವಳ ಚೀಲಕ್ಕೆ ಹಾಕಿದೆವು. ಅದಕ್ಕೆ ಮೊದಲು ರವೀಶ ತನ್ನ ಫೋನಿಗೆ ಅದನ್ನು ಏನೂ ತೆಗೆಯದೆ, ಏನೂ ತಿದ್ದದೆ ನಕಲು ಮಾಡಿಕೊಂಡಿದ್ದ.

ಅದು ಪ್ರೋಗ್ರೆಸಿವ್ ರಾಕ್ ಹೌದೋ ಅಲ್ಲವೋ ಆ ದಿನ ತೀರ್ಮಾನವಾಗಲಿಲ್ಲ. ಗುಂಪಿನಲ್ಲಿ ಜಗಳ ಈಗಲೂ ನಡೆಯುತ್ತಿದೆ, ಮೊದಲಿಗಿಂತ ಸ್ವಲ್ಪ ಮೆತ್ತಗೆ. ಈ ಕೆಲಸಕ್ಕೆ ಬರುವವರು ಅಂಥ ಜಗಳಗಳಿಗೆ ಹೆದರಬೇಕಾಗಿಲ್ಲ. ಜಗಳವಾಡಿದವರಿಂದ ಒಂದು ಟೇಪೂ ಅಳಿದಿಲ್ಲ. ಅಳಿದದ್ದು ಒಂದು ಉತ್ತರವನ್ನು ಅಂದವಾಗಿ ಬರೆದು ಸಹಿ ಹಾಕಿದವನಿಂದ.

ಆ ದಿನ ಹೊರಡುವ ಮುನ್ನ, ರವೀಶ ಮಾಡಿಕೊಂಡ ನಕಲಿಗೆ ಒಂದು ಕಾರ್ಡು ಬರೆದುಕೊಡಿ ಎಂದು ಅವರಿಬ್ಬರೂ ಕೇಳಿದರು. ನನ್ನ ಹತ್ತಿರ ಬಣ್ಣದ ಕಾರ್ಡುಗಳು ಉಳಿದಿರಲಿಲ್ಲ. ಹೋಟೆಲಿನವರಿಂದ ಬಿಲ್ಲಿನ ಹಾಳೆಯೊಂದನ್ನು ಕೇಳಿ ಪಡೆದು ಅದರ ಹಿಂಭಾಗದಲ್ಲಿ ಬರೆದೆ. ತೆಳು ಹಾಳೆಯಲ್ಲಿ ಶಾಯಿ ಹರಡಿ ಬರವಣಿಗೆ ಚೆನ್ನಾಗಿ ಬರಲಿಲ್ಲ.

ಹಾಡಿದವರು: ಚಿಕ್ಕತಾಯಮ್ಮ, ತಿಪ್ಪಸಂದ್ರ. ಕಾಳು ಹಾಕಿದವರು: ದೊಡ್ಡತಾಯಮ್ಮ, ತಿಪ್ಪಸಂದ್ರ. ಸಂಗಡಿಗರು: ಸೋಮಶೇಖರ ಮತ್ತು ನಾಲ್ವರು. ವರ್ಗ: ಅಳಿಸಬಾರದು.